ಹೂವಿನ ಗುಮ್ಮಟ, ಹೂವಿನ ಜಡೆ

ಹೂವಿನಲ್ಲಿ ಗೋಳಗುಮ್ಮಟ ಕಟ್ಟಬಹುದೆ? ಕಟ್ಟಬಹುದು. 2017ರ ಜನವರಿಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯೊಳಗೆ ಕಟ್ಟಿದ್ದರು. ಮರುವರ್ಷ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕವೆಂದು ಬಾಹುಬಲಿಯ ಪ್ರಸಂಗ ಬಂತು. 2019ರಲ್ಲಿ ಗಾಂಧೀಜಿ, 2020ರಲ್ಲಿ ವಿವೇಕಾನಂದರು. ನಡುವೆ ಕೊರೋನಾ ಬಂದು ಎರಡು ವರ್ಷ ಹೂವೂ ಇಲ್ಲ, ಜನವೂ ಇಲ್ಲ. 2022ರ ಆಗಸ್ಟಿನಲ್ಲಿ ರಾಜಕುಮಾರ್ ಮತ್ತು ಪುನೀತ್, 2023ರ ಆಗಸ್ಟಿನಲ್ಲಿ ಕೆಂಗಲ್ ಹನುಮಂತಯ್ಯನವರೂ ಅವರ ವಿಧಾನಸೌಧವೂ, 2024ರ ಜನವರಿಯಲ್ಲಿ ಬಸವಣ್ಣನವರ ಅನುಭವ ಮಂಟಪ. ಹೀಗೆ ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವದ ಹೊತ್ತಿಗೊಮ್ಮೆ, ಸ್ವಾತಂತ್ರ್ಯದ ದಿನದ ಹೊತ್ತಿಗೊಮ್ಮೆ, ನಾಡಿನ ಚರಿತ್ರೆಯೆಲ್ಲ ಸೇವಂತಿಗೆ ಗುಲಾಬಿಗಳಲ್ಲಿ ಎದ್ದು ನಿಲ್ಲುತ್ತದೆ.

ನಮ್ಮೂರಿನಿಂದ ಬಸ್ಸು ಮಾಡಿಕೊಂಡು ಹೋಗಿ ನೋಡಿ ಬರುವುದು ಒಂದು ಪದ್ಧತಿಯೇ ಆಗಿದೆ. ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡು ಬೆಳಗಿನ ಜಾವ ಹೊರಟರೆ ರಾತ್ರಿ ಹತ್ತಕ್ಕೆ ಮನೆ. ಹೋಗಿ ಬಂದವರನ್ನೆಲ್ಲ ನಾನು ಕೇಳಿದ್ದೇನೆ. ಎಲ್ಲರೂ ಹೇಳುವುದು ಒಂದೇ ಮಾತು: “ಅಬ್ಬಾ, ಎಷ್ಟು ಹೂವು ರೀ!” ಗಮನಿಸಿ, ಎಷ್ಟು ಎನ್ನುತ್ತಾರೆ. ಎಂಥ ಹೂವು ಎಂದು ಯಾರೂ ಹೇಳುವುದಿಲ್ಲ. ನನ್ನ ತಕರಾರು ಶುರುವಾಗುವುದು ಅಲ್ಲಿಂದಲೇ.

ತಕರಾರು ತೆಗೆಯುವ ಮೊದಲು ಆ ಗಾಜಿನ ಮನೆಯ ಬಗ್ಗೆ ಎರಡು ಮಾತು ಹೇಳಲೇಬೇಕು. 1889ರ ನವೆಂಬರ್ 30ರಂದು ಇಂಗ್ಲೆಂಡಿನ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅದಕ್ಕೆ ಅಡಿಗಲ್ಲು ಇಟ್ಟಿದ್ದು. ಲಂಡನ್ನಿನಲ್ಲಿ 1851ರಲ್ಲಿ ಕಟ್ಟಿದ್ದ ಸ್ಫಟಿಕದ ಅರಮನೆ, ಅಂದರೆ ಕ್ರಿಸ್ಟಲ್ ಪ್ಯಾಲೇಸ್, ಇದಕ್ಕೆ ಮಾದರಿ. ಆ ಮೂಲ ಅರಮನೆ 1936ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ನಮ್ಮದು ಉಳಿದಿದೆ. ಬೆಳಗ್ಗೆ ಏಳೂವರೆಗೆ, ಪ್ರದರ್ಶನ ಇಲ್ಲದ ದಿನ ಅದರ ಮುಂದೆ ಹೋಗಿ ನಿಂತು ನೋಡಿ. ಕಬ್ಬಿಣದ ಕಂಬಗಳು ಎಷ್ಟು ಸಣ್ಣಗೆ, ಎಷ್ಟು ಹಗುರಾಗಿ ನಿಂತಿವೆ! ಬೆಳಕು ಒಳಗೆ ಬಂದು ಹಾಗೇ ಆಚೆ ಹೊರಟುಹೋಗುತ್ತದೆ. ಇಂಥ ಕಟ್ಟಡದೊಳಗೆ ಹೂವನ್ನು ಇಡುವವನು ಮೊದಲು ಆ ಬೆಳಕನ್ನು ಒಂದು ಮಾತು ಕೇಳಬೇಕು. ನಾವು ಅದರ ನಡುಮಧ್ಯೆ ಇನ್ನೊಂದು ಕಟ್ಟಡವನ್ನು ತಂದು ನಿಲ್ಲಿಸಿ ಬೆಳಕಿಗೆ ಬೆನ್ನು ಹಾಕುತ್ತೇವೆ.

ಇಂಥ ಪ್ರತಿಕೃತಿಗಳನ್ನು ಕಟ್ಟುವುದು ಹೇಗೆಂದು ನೀವೂ ನೋಡಿರಬಹುದು. ಮೊದಲು ಕಬ್ಬಿಣದ ಸರಳುಗಳ ಅಸ್ಥಿಪಂಜರ. ಅದರ ಮೇಲೆ ಜಾಲರಿ, ನೀರು ಹೀರಿಕೊಳ್ಳುವ ಹಸಿರು ಫೋಮು. ಆಮೇಲೆ ಗೇಣುದ್ದದ ತೊಟ್ಟನ್ನು ಬೆರಳುದ್ದಕ್ಕೆ ಕತ್ತರಿಸಿ ಗುಲಾಬಿ, ಸೇವಂತಿಗೆಗಳನ್ನು ಒಂದರ ಪಕ್ಕ ಒಂದು ಚುಚ್ಚುತ್ತ ಹೋಗುವುದು. ಲಕ್ಷಗಟ್ಟಲೆ ಹೂವು. ಹತ್ತು ಹನ್ನೊಂದು ದಿನದ ಪ್ರದರ್ಶನದ ನಡುವೆ ಬಾಡಿದ್ದನ್ನು ಕಿತ್ತು ಹೊಸದನ್ನು ಚುಚ್ಚಬೇಕು. ರಾತ್ರಿಯೆಲ್ಲ ಏಣಿಯ ಮೇಲೆ ನಿಂತು ಈ ಕೆಲಸ ಮಾಡುವವರ ಶ್ರಮದ ಬಗ್ಗೆ ನನಗೆ ಎರಡು ಮಾತಿಲ್ಲ. ಅವರ ಬೆರಳುಗಳಿಗೆ ನಮಸ್ಕಾರ. ನನ್ನ ಪ್ರಶ್ನೆ ಇರುವುದು ಅವರ ಕೈಗೆ ಆ ನಕ್ಷೆಯನ್ನು ಕೊಟ್ಟವರ ಮುಂದೆ.

ಹೂವನ್ನು ಇಟ್ಟಿಗೆಯಂತೆ ಬಳಸಿದರೆ ಹೂವು ಇಟ್ಟಿಗೆಯೇ ಆಗುತ್ತದೆ. ಹಗ್ಗದಾಚೆ ಹತ್ತು ಹದಿನೈದು ಅಡಿ ದೂರ ನಿಂತವರಿಗೆ ಕಾಣುವುದು ಒಂದು ಕೆಂಪು ಗೋಡೆ, ಒಂದು ಬಿಳಿ ಗೋಡೆ. ಅದು ಗುಲಾಬಿಯೋ ಬಣ್ಣ ಹಚ್ಚಿದ ಥರ್ಮೋಕೋಲೋ ಎಂದು ಕೇಳಿದರೆ ಹೇಳುವುದು ಕಷ್ಟ. ತೊಟ್ಟಿಲ್ಲ, ಎಲೆಯಿಲ್ಲ, ಬಾಗುವುದಿಲ್ಲ, ಅಲುಗುವುದಿಲ್ಲ. ಇನ್ನು ಗೋಳಗುಮ್ಮಟದ ವಿಚಾರ. ವಿಜಾಪುರದ ಆ ಗುಮ್ಮಟದ ಗುಟ್ಟು ಇರುವುದು ಅದರ ಒಳಗಿನ ಟೊಳ್ಳಿನಲ್ಲಿ. ಮೇಲಿನ ಸುತ್ತುಗಟ್ಟೆಯಲ್ಲಿ ಈ ಕಡೆ ಪಿಸುಗುಟ್ಟಿದ್ದು ಆ ಕಡೆ ಕೇಳಬೇಕು, ಕೂಗಿದ್ದು ಮತ್ತೆ ಮತ್ತೆ ತಿರುಗಿ ಬರಬೇಕು. ಹೂವಿನ ಗುಮ್ಮಟಕ್ಕೆ ಒಳಗೇ ಇಲ್ಲ. ವಿಧಾನಸೌಧ ಅಂದರೆ ಕಲ್ಲು. ಆ ಕಲ್ಲಿನ ತೂಕವೇ ಅದರ ಮಾತು. ಅದನ್ನು ಗುಲಾಬಿಯಲ್ಲಿ ಮಾಡಿದಾಗ ಕಲ್ಲಿನ ತೂಕವೂ ಹೋಯಿತು, ಗುಲಾಬಿಯ ಹಗುರವೂ ಹೋಯಿತು. ಯಾವುದನ್ನು ನೋಡಿ ಬಂದೆವೆಂದು ಕೇಳಿದರೆ ಏನು ಹೇಳೋಣ?

ಒಂದಕ್ಕೆ ಮಾತ್ರ ವಿನಾಯಿತಿ ಕೊಡುತ್ತೇನೆ. 2022ರಲ್ಲಿ ರಾಜಕುಮಾರ್ ಅವರ ಗಾಜನೂರಿನ ಮನೆಯನ್ನು ಮಾಡಿದ್ದರಲ್ಲ, ಅದು. ಹಳ್ಳಿಯ ತಗ್ಗು ಮನೆ. ಅದರ ಮುಂದೆ ನಿಂತ ಹೆಂಗಸರು ಹೂವಿನ ಲೆಕ್ಕ ಹಾಕಲಿಲ್ಲ. ಜಗುಲಿ ಎಲ್ಲಿ, ಬಾಗಿಲು ಎಲ್ಲಿ ಎಂದು ಹುಡುಕಿದರು. ಪುನೀತ್ ತೀರಿಕೊಂಡು ಒಂದು ವರ್ಷ ಕೂಡ ಆಗಿರಲಿಲ್ಲ. ಸತ್ತವರ ಮನೆಯ ಮುಂದೆ ಹೂವು ಇರುವುದು ನಮಗೆ ಹೊಸದಲ್ಲ. ಅಲ್ಲಿ ಹೂವು ಇಟ್ಟಿಗೆಯ ಕೆಲಸವನ್ನು ಬಿಟ್ಟು ಹೂವಿನ ಕೆಲಸವನ್ನೇ ಮಾಡಿತು.

ಅಂದ ಹಾಗೆ, ಗಾಜಿನ ಮನೆಯ ನೂಕುನುಗ್ಗಲು ಮುಗಿಸಿ ಬಂದವರಲ್ಲಿ ಎಷ್ಟು ಜನ ಡಾ. ಎಂ.ಎಚ್. ಮರಿಗೌಡ ಸ್ಮಾರಕ ಭವನದ ಕಡೆ ಕಾಲು ಹಾಕಿದ್ದೀರಿ? ಫಲಪುಷ್ಪ ಪ್ರದರ್ಶನದ ಜೊತೆಗೆ ಮೈಸೂರು ಉದ್ಯಾನ ಕಲಾ ಸಂಘದವರು ಅಲ್ಲಿ ಸ್ಪರ್ಧೆಗಳನ್ನು ಇಡುತ್ತಾರೆ. ಇಕೆಬಾನ, ಪುಷ್ಪ ಭಾರತಿ, ಒಣಹೂವಿನ ಜೋಡಣೆ, ತರಕಾರಿ ಕೆತ್ತನೆ, ತೆಂಗಿನ ಗರಿಯ ಜಾನೂರು ಕಲೆ, ಕುಬ್ಜ ಮರಗಳು. ಅಲ್ಲಿ ಮೇಜಿನ ಮೇಲೆ ಇಟ್ಟಿರುವುದರಲ್ಲಿ ಬಹುಪಾಲು ಗೃಹಿಣಿಯರ ಕೈಕೆಲಸ. ಒಂದು ಒಣ ಕೊಂಬೆ, ಎರಡು ಆಂಥೂರಿಯಂ, ಒಂದು ಮಣ್ಣಿನ ಬಟ್ಟಲು. ನಡುವೆ ಬೇಕೆಂದೇ ಬಿಟ್ಟ ಖಾಲಿ ಜಾಗ. ಹತ್ತಿರ ಹೋಗಬಹುದು, ಬಗ್ಗಿ ನೋಡಬಹುದು. ನಾನು ನೋಡಿದ ಒಂದು ಜೋಡಣೆಯಲ್ಲಿ ಬಾಳೆಯ ಮೋತೆಯನ್ನು ಒಂದೊಂದೇ ಸಿಪ್ಪೆ ಬಿಡಿಸಿ ದೋಣಿಯಂತೆ ಇಳಿಬಿಟ್ಟು ಒಳಗೆ ಕನಕಾಂಬರ ತುಂಬಿದ್ದರು. ಆ ನೇರಳೆಗೂ ಆ ಕೇಸರಿಗೂ ಎಂಥ ಸ್ನೇಹ! ಪತ್ರಿಕೆಯವರ ಕ್ಯಾಮೆರಾ ಅಲ್ಲಿಗೆ ಬರುವುದು ಕಡಿಮೆ. ಬಂದರೂ “ಮಹಿಳೆಯರಿಗಾಗಿ ಏರ್ಪಡಿಸಿದ್ದ ಸ್ಪರ್ಧೆ” ಎಂದು ಕೊನೆಯ ಸಾಲಿನಲ್ಲಿ ಬರುತ್ತದೆ. ಗುಮ್ಮಟ ಮೊದಲ ಪುಟದಲ್ಲಿ, ಮೋತೆ ಕೊನೆಯ ಸಾಲಿನಲ್ಲಿ.

ಇದು ನಮ್ಮ ಊರಿನ ಗುಣ ಮಾತ್ರ ಎಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ಹೆಂಗಸಿದ್ದರು. ಹುಟ್ಟಿದ್ದು 1886ರಲ್ಲಿ. ಲಂಡನ್ನಿನ ಪೂರ್ವ ಭಾಗದಲ್ಲಿ ಕೂಲಿಕಾರರ ಮಕ್ಕಳು, ಹದಿನಾಲ್ಕು ಹದಿನೈದಕ್ಕೇ ಕಾರ್ಖಾನೆಗೆ ಹೋಗುವ ಹುಡುಗಿಯರು, ಅಂಥವರಿಗಾಗಿ ನಡೆಯುತ್ತಿದ್ದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ನಲವತ್ತು ದಾಟಿದ ಮೇಲೆ ಆ ಕೆಲಸ ಬಿಟ್ಟು ಹೂವಿನ ಅಂಗಡಿ ಇಟ್ಟರು. ನಮ್ಮಲ್ಲಿ ಆ ವಯಸ್ಸಿಗೆ ಹೆಂಗಸರು ಮಗಳಿಗೆ ಗಂಡು ಹುಡುಕಲು ಹೊರಡುತ್ತಾರೆ. ಅವರು ಹೆಸರಾದದ್ದು ಒಂದು ಅಂಗಡಿಯ ಗಾಜಿನ ಕಿಟಕಿಯಿಂದ. ಓಲ್ಡ್ ಬಾಂಡ್ ಸ್ಟ್ರೀಟಿನಲ್ಲಿ ಅಟ್ಕಿನ್‌ಸನ್ಸ್ ಎಂಬ ಸುಗಂಧದ್ರವ್ಯದ ಅಂಗಡಿ. ಅದರ ಕಿಟಕಿಗೆ ಹೂವು ಜೋಡಿಸಿ ಎಂದು ಕರೆದರು. ಬೇರೆಯವರಾಗಿದ್ದರೆ ಗುಲಾಬಿ, ಕಾರ್ನೇಷನ್ ತಂದು ತುಂಬುತ್ತಿದ್ದರು. ಈಕೆ ಬೇಲಿಸಾಲಿನ ಬಳ್ಳಿ, ಕಾಡುಗಿಡದ ಒಣ ತೆನೆ, ಹಣ್ಣಾಗುತ್ತಿರುವ ಎಲೆ, ಇವುಗಳನ್ನೆಲ್ಲ ತಂದು ಬೆಲೆಬಾಳುವ ಹಸಿರು ಆರ್ಕಿಡ್ ಹೂವಿನ ಪಕ್ಕದಲ್ಲಿ ಕೂರಿಸಿದರು. ಶ್ರೀಮಂತರು ಓಡಾಡುವ ರಸ್ತೆಯಲ್ಲಿ ಜನ ಗುಂಪುಗೂಡಿ ನಿಂತು ನೋಡಿದರು.

ಆಮೇಲೆ ಅವರು ಮಾಡಿದ್ದೆಲ್ಲ ಇದೇ ದಾರಿಯ ಕೆಲಸ. ಕೇಲ್ ಎಂದು ಒಂದು ಸೊಪ್ಪಿದೆ, ನಮ್ಮ ಎಲೆಕೋಸಿನ ದಾಯಾದಿ. ಅಡಿಗೆಮನೆಯಲ್ಲಿ ಬೇಯುವ ಆ ಸೊಪ್ಪಿನ ಸುಕ್ಕುಸುಕ್ಕಾದ ಎಲೆಯನ್ನು ಗುಲಾಬಿಯ ಜೊತೆ ಇಟ್ಟರು. ಹೂದಾನಿಯೇ ಬೇಕೆಂದಿಲ್ಲ, ಸಾರು ಬಡಿಸುವ ಪಾತ್ರೆ ಆಗುತ್ತದೆ, ಬೇಕಿಂಗ್ ತಟ್ಟೆ ಆಗುತ್ತದೆ, ಹಕ್ಕಿಯ ಪಂಜರ ಆಗುತ್ತದೆ ಎಂದರು. ಕಾಸಿಲ್ಲದವಳ ಮನೆಯಲ್ಲೂ ಚೆಲುವು ಇರಬಹುದು ಎನ್ನುವುದು ಅವರ ಮಾತಿನ ತಿರುಳು. ಆ ಬಡ ಹುಡುಗಿಯರ ಶಾಲೆಯಲ್ಲಿ ಪಾಠ ಮಾಡಿದವರಿಗೆ ಅದು ಬರೀ ಮಾತಾಗಿರಲಿಲ್ಲ. ಅದೇ ಕೈ 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಹೂವನ್ನೂ ಜೋಡಿಸಿತು. ಗೆಳತಿಯೊಬ್ಬರ ಜೊತೆ ಸೇರಿ ಬರೆದ ಅಡಿಗೆ ಪುಸ್ತಕವೂ ಮನೆಮನೆಗೆ ಹೋಯಿತು.

ಸ್ಪ್ರೈ ಸತ್ತದ್ದು 1960ರಲ್ಲಿ. 2004ರಲ್ಲಿ ಲಂಡನ್ನಿನ ಡಿಸೈನ್ ಮ್ಯೂಸಿಯಂನವರು ಅವರ ಕೆಲಸದ ಪ್ರದರ್ಶನ ಇಟ್ಟರು. ಆಗ ಎದ್ದ ಗಲಾಟೆ ನೋಡಿ. ಆ ಮ್ಯೂಸಿಯಂನ ಅಧ್ಯಕ್ಷರು ಜೇಮ್ಸ್ ಡೈಸನ್, ಚೀಲವಿಲ್ಲದ ಧೂಳು ಹೀರುವ ಯಂತ್ರ ಕಂಡುಹಿಡಿದು ಕೋಟ್ಯಧೀಶರಾದವರು. ಮ್ಯೂಸಿಯಂ ಗಂಭೀರವಾದ ವಿನ್ಯಾಸವನ್ನು, ಯಂತ್ರಗಳ ಕೆಲಸವನ್ನು ಬಿಟ್ಟು ಮೇಲುಮೇಲಿನ ಅಲಂಕಾರದ ಕಡೆ ಹೋಗುತ್ತಿದೆ ಎಂದು ದೂರಿ ಅವರು ರಾಜೀನಾಮೆಯನ್ನೇ ಕೊಟ್ಟರು. ಆ ಸಂಸ್ಥೆಯನ್ನು ಕಟ್ಟಿದ ಟೆರೆನ್ಸ್ ಕಾನ್ರನ್ನರಿಗೂ ಈ ಹೂವಿನ ಪ್ರದರ್ಶನ ಸಮಾಧಾನ ತರಲಿಲ್ಲ. ಮನೆಯ ಧೂಳು ಗುಡಿಸುವ ಯಂತ್ರ ವಿನ್ಯಾಸ, ಅದೇ ಮನೆಯ ಮೂಲೆಯಲ್ಲಿ ಹೂವು ಇಡುವುದು ವಿನ್ಯಾಸವಲ್ಲ! ಎರಡೂ ನಡೆಯುವುದು ಒಂದೇ ಕೋಣೆಯಲ್ಲಿ, ಬಹುಮಟ್ಟಿಗೆ ಒಬ್ಬಳೇ ಹೆಂಗಸಿನ ಕೈಯಲ್ಲಿ. ಡೈಸನ್ ಸಾಹೇಬರ ಯಂತ್ರ ಒಳ್ಳೆಯದೇ ಇರಬಹುದು. ಆದರೆ ಒಂದು ಕೋಣೆಗೆ ಕಾಲಿಟ್ಟವನ ಕಣ್ಣು ಮೊದಲು ಎಲ್ಲಿ ನಿಲ್ಲಬೇಕು, ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಯೋಚಿಸುವುದು ವಿನ್ಯಾಸವಲ್ಲದೆ ಮತ್ತೇನು?

ಈಗ ನಮ್ಮ ಮದುವೆ ಮಂಟಪಗಳಿಗೆ ಬರೋಣ. ಹೂವಿನ ಹೊಸ ಬಗೆಯ ಅಲಂಕಾರವೆಂದರೆ ನಮ್ಮ ಊರುಗಳಲ್ಲಿ ಎಲ್ಲರೂ ನೋಡುವುದು, ಎಲ್ಲರ ಜೇಬಿಗೂ ತಟ್ಟುವುದು ಅದೇ.

ನನ್ನ ಓರಗಿತ್ತಿಯ ಮಗಳ ಮದುವೆಯಲ್ಲಿ ಅಲಂಕಾರದವರು ಒಂದು ಫೋಟೋ ಆಲ್ಬಂ ತಂದು ತೋರಿಸಿದರು. ಮೂರು ದರ್ಜೆ, ಮೂರು ದರ. ಗೋಡೆಯಂತೆ ಹೂವು, ಮೇಲಿನಿಂದ ತಲೆಕೆಳಗಾಗಿ ನೇತಾಡುವ ಹೂವು, ಸೈಕಲ್ಲಿನ ಮೇಲೆ ಹೂವು, ಹಳೆಯ ಛತ್ರಿಗಳಲ್ಲಿ ಹೂವು. ಎಲ್ಲವೂ ಜರ್ಬೆರಾ, ಕಾರ್ನೇಷನ್, ಆರ್ಕಿಡ್. “ಮಲ್ಲಿಗೆ ಇಲ್ವೇನಪ್ಪ?” ಎಂದು ನಮ್ಮ ಅತ್ತೆ ಕೇಳಿದರು. ಆ ಹುಡುಗ ಬಹಳ ವಿನಯದಿಂದಲೇ ಹೇಳಿದ: “ಇಲ್ಲ ಅಜ್ಜಿ, ಅದು ಲೈಟಿಗೆ ಬಾಡೋಗುತ್ತೆ. ಫೋಟೋದಲ್ಲೂ ಎದ್ದು ಕಾಣಲ್ಲ.” ಓರಗಿತ್ತಿ ನಡುವಿನ ದರ್ಜೆಗೆ ಒಪ್ಪಿದರು. ಆ ಮೊತ್ತದಲ್ಲಿ ಹುಡುಗಿಯ ಒಂದು ವರ್ಷದ ಕಾಲೇಜಿನ ಫೀಸು ಕಟ್ಟಬಹುದಿತ್ತು ಎಂದು ಅವರೇ ಅಡಿಗೆಮನೆಯಲ್ಲಿ ನನ್ನ ಹತ್ತಿರ ಹೇಳಿದರು. ಹೇಳಿ, “ಆದರೂ ಬೀಗರು ಬರ್ತಾರಲ್ಲೇ” ಎಂದರು.

ಮುಹೂರ್ತದ ದಿನ ಮಂಟಪ ನೋಡಿ ನಾನೂ ಬೆರಗಾದೆ, ಸುಳ್ಳು ಹೇಳುವುದಿಲ್ಲ. ನೇತಾಡುವ ಹೂವಿನ ಎಳೆಗಳ ಕೆಳಗೆ ಹುಡುಗಿ ನಡೆದು ಬಂದಾಗ ಒಂದು ಕ್ಷಣ ತುಂತುರು ಮಳೆಯಲ್ಲಿ ಬಂದಂತೆ ಕಂಡಿತು. ಯಾರೋ ಯೋಚನೆ ಮಾಡಿ ಮಾಡಿದ ಕೆಲಸ. ಆದರೆ ಅತ್ತೆ ಪಕ್ಕದಲ್ಲಿ ಕೂತು ಮೂಗೆಳೆದು ಮೂಗೆಳೆದು ನೋಡಿದರು. “ಏನೇ ಇದು, ಇಷ್ಟು ಹೂವಲ್ಲಿ ಒಂದಕ್ಕೂ ವಾಸನೆ ಇಲ್ಲ?” ಈ ಒಂದು ವಾಕ್ಯಕ್ಕಿಂತ ಚೆನ್ನಾದ ವಿಮರ್ಶೆಯನ್ನು ಮಂಟಪದ ಅಲಂಕಾರದ ಮೇಲೆ ನಾನು ಬರೆಯಲಾರೆ. ದೂರದ ಊರಿನಿಂದ ಪೆಟ್ಟಿಗೆಯಲ್ಲಿ ಮಲಗಿ ಬರಬೇಕಾದ ಹೂವಿಗೆ ಬಾಳಿಕೆ ಬೇಕು. ಗಟ್ಟಿ ತೊಟ್ಟು, ಒಂದೇ ಅಳತೆ, ಎದ್ದು ಕಾಣುವ ಬಣ್ಣ ನೋಡಿ ಆರಿಸುತ್ತ ಹೋದವರು ಪರಿಮಳದ ಚಿಂತೆ ಬಿಟ್ಟರು. ಕ್ಯಾಮೆರಾಕ್ಕೆ ಮೂಗಿಲ್ಲವಲ್ಲ.

ಮಧ್ಯಾಹ್ನ ಎರಡೂವರೆಗೆ, ನಾವಿನ್ನೂ ಪಾಯಸದ ಲೋಟ ಹಿಡಿದಿರುವಾಗಲೇ, ಹುಡುಗರು ಏಣಿ ಹಾಕಿ ಎಲ್ಲ ಎಳೆದು ಕೆಡವಿದರು. ಸಂಜೆಗೆ ಬೇರೆಯವರ ಆರತಕ್ಷತೆ ಇತ್ತು. ಹೂವಿನ ಜೊತೆಗೆ ಹಸಿರು ಫೋಮಿನ ತುಂಡುಗಳೂ ಗೋಣಿಚೀಲಕ್ಕೆ ಹೋದವು.

ಈ ಹಸಿರು ಫೋಮಿನ ಕಥೆ ನಮ್ಮ ಹೆಂಗಸರಿಗೆ ತಿಳಿದಿರಬೇಕು. 1954ರಲ್ಲಿ ಅಮೆರಿಕದ ವರ್ನನ್ ಸ್ಮಿದರ್ಸ್ ಇದನ್ನು ಕಂಡುಹಿಡಿದರು. ಓಯಸಿಸ್ ಎಂಬ ಹೆಸರಿನಲ್ಲಿ ಜಗತ್ತನ್ನೆಲ್ಲ ಸುತ್ತಿತು. ನೀರಿನಲ್ಲಿ ಅದ್ದಿದರೆ ಕುಡಿದು ಭಾರವಾಗುತ್ತದೆ, ಹೂವನ್ನು ಯಾವ ಕೋನದಲ್ಲಿ ಚುಚ್ಚಿದರೂ ಹಿಡಿದು ನಿಲ್ಲಿಸುತ್ತದೆ. ಹೂವಿನ ಗೋಡೆ, ಹೂವಿನ ಕಮಾನು, ಹೂವಿನ ಗುಮ್ಮಟ ಇಷ್ಟು ಸುಲಭವಾದದ್ದು ಈ ಇಟ್ಟಿಗೆಯ ದೆಸೆಯಿಂದ. ಬಣ್ಣ ಹಸಿರು, ಹೆಸರು ಮರಳುಗಾಡಿನ ನೀರಿನ ತಾಣದ್ದು, ವಸ್ತು ಮಾತ್ರ ಪ್ಲಾಸ್ಟಿಕ್. ಬೆರಳಲ್ಲಿ ಒತ್ತಿದರೆ ಹಿಟ್ಟಿನಂತೆ ಉದುರುತ್ತದೆ. ಮಣ್ಣಾಗುವುದಿಲ್ಲ. ಆಸ್ಟ್ರೇಲಿಯಾದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪುಡಿ ನೀರಿಗೆ ಸೇರಿ ಸಣ್ಣ ಜಲಜೀವಿಗಳ ಹೊಟ್ಟೆಗೂ ಹೋಗುತ್ತದೆ, ಅದರಿಂದ ವಿಷಕಾರಿ ರಾಸಾಯನಿಕಗಳೂ ಸೋರುತ್ತವೆ ಎಂದು ಕಂಡುಕೊಂಡರು. ಇಂಗ್ಲೆಂಡಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2021ರಿಂದ ತನ್ನ ಪ್ರದರ್ಶನಗಳಲ್ಲಿ ಇದನ್ನು ನಿಷೇಧಿಸಿತು. ಚೆಲ್ಸಿಯಂಥ ದೊಡ್ಡ ಪುಷ್ಪ ಪ್ರದರ್ಶನವೇ ಫೋಮಿಲ್ಲದೆ ನಡೆಯುತ್ತದೆ ಎಂದಮೇಲೆ ನಮ್ಮ ಕಲ್ಯಾಣ ಮಂಟಪ ನಡೆಯದೆ? ಮಾಗಿದ ಬಾಳೆದಿಂಡು ನೀರು ಹಿಡಿದಷ್ಟು ಇನ್ನಾವುದು ಹಿಡಿದೀತು? ಜಪಾನಿನವರು ಹಿತ್ತಾಳೆಯ ಮುಳ್ಳಿನ ಹಾಸಿನ ಮೇಲೆ ಒಂದೊಂದೇ ತೊಟ್ಟು ನಿಲ್ಲಿಸುತ್ತಾರೆ, ಅದು ಅಜ್ಜಿಯಿಂದ ಮೊಮ್ಮಗಳಿಗೆ ಬರುತ್ತದೆ. ಹೊಸತನಕ್ಕೆ ಫೋಮು ಬೇಕು ಎನ್ನುವವರು ಅದೇ ಜಪಾನಿನ ಸೋಫು ತೆಷಿಗಹಾರರ ಕೆಲಸ ನೋಡಬೇಕು. 1927ರಲ್ಲಿ ಸೊಗೆತ್ಸು ಶಾಲೆ ತೆಗೆದ ಆತ ಇಕೆಬಾನದೊಳಕ್ಕೆ ಕಬ್ಬಿಣ, ಕಲ್ಲು, ಬೇರುಬೊಡ್ಡೆಗಳನ್ನೆಲ್ಲ ತಂದರು.

ಬಾಡುವುದನ್ನು ಮುಚ್ಚಿಡದೆ ತೋರಿಸಿದವರೂ ಇದ್ದಾರೆ. ಸ್ಕಾಟ್ಲೆಂಡಿನ ಕಲಾವಿದೆ ಆನ್ಯಾ ಗಲಾಚಿಯೊ 1991ರಲ್ಲಿ ಮೊದಲು ಮಾಡಿದ ಒಂದು ಕೃತಿಯಿದೆ. ನಮ್ಮ ಮಂಟಪಗಳಲ್ಲಿ ಮೆರೆಯುವ ಅದೇ ಜರ್ಬೆರಾ ಹೂವನ್ನು, ಕೆಂಪು ಜರ್ಬೆರಾವನ್ನು ಸಾಲುಸಾಲಾಗಿ ಜೋಡಿಸಿ ಮೇಲೆ ಗಾಜು ಒತ್ತಿ ಗೋಡೆಗೆ ನಿಲ್ಲಿಸಿದರು. ಅಷ್ಟೆ. ಬದಲಾಯಿಸುವುದಿಲ್ಲ. ಮೊದಲ ದಿನ ಕೆಂಪು ಜಮಖಾನದಂತೆ ಹೊಳೆಯುತ್ತದೆ. ದಿನ ಕಳೆದಂತೆ ಕಂದುತ್ತದೆ, ಬೂಷ್ಟು ಹಿಡಿಯುತ್ತದೆ, ಕೊಳೆತು ಗಾಜಿನಿಂದ ಜಾರಿ ಕೆಳಗೆ ಬೀಳುತ್ತದೆ. ಕೃತಿಯ ಹೆಸರಿನಲ್ಲಿ ‘ಬ್ಯೂಟಿ’ ಎಂದಿದೆ, ಅದು ಆ ಜರ್ಬೆರಾದ ತಳಿಯ ಹೆಸರು. ಚೆಲುವನ್ನು ಉಪ್ಪಿನಕಾಯಿಯಂತೆ ಕಾಪಾಡಿ ಇಡುವವರನ್ನು ನೋಡಿ ನಕ್ಕಂತಿದೆ. ನಾನು ಅದನ್ನು ಚಿತ್ರಗಳಲ್ಲಿ ಮಾತ್ರ ನೋಡಿದವಳು. ಮೊದಲು ನೋಡಿದಾಗ ‘ಇದೇನು ಅಪಶಕುನ’ ಎನ್ನಿಸಿದ್ದು ಸುಳ್ಳಲ್ಲ. ಆಮೇಲೆ ನಮ್ಮ ನಿರ್ಮಾಲ್ಯ ನೆನಪಾಯಿತು. ನಿನ್ನೆ ದೇವರ ತಲೆಯ ಮೇಲಿದ್ದ ಹೂವನ್ನು ಬೆಳಗ್ಗೆ ತೆಗೆದು, ತುಳಿಯುವ ಜಾಗದಲ್ಲಿ ಹಾಕದೆ ಗಿಡದ ಬುಡಕ್ಕೆ ಹಾಕುವವರು ನಾವು. ಬಾಡಿದ ಹೂವಿಗೂ ಒಂದು ಹೆಸರು, ಒಂದು ಮರ್ಯಾದೆ, ಹೋಗಲು ಒಂದು ಜಾಗ ಇಟ್ಟುಕೊಂಡಿರುವ ಜನ ಗೋಣಿಚೀಲಕ್ಕೆ ಹೇಗೆ ಒಪ್ಪಿದೆವು?

ಹೊಸ ಬಗೆ ಬೇಡವೆಂದು ನಾನು ಹೇಳುತ್ತಿಲ್ಲ. ಹೂವಿನ ವಿಚಾರದಲ್ಲಿ ನಮ್ಮವರಷ್ಟು ಹುಚ್ಚು ಕಲ್ಪನೆ ಮಾಡಿದವರು ಕಡಿಮೆ. ಬೆಂಗಳೂರಿನ ಧರ್ಮರಾಯನ ಗುಡಿಯಿಂದ ಚೈತ್ರ ಹುಣ್ಣಿಮೆಯ ರಾತ್ರಿ ಹೊರಡುವ ಕರಗವನ್ನು ನೋಡಿ. ಮಲ್ಲಿಗೆಯ ಗೋಪುರವೊಂದು ಗಂಡಸೊಬ್ಬನ ತಲೆಯ ಮೇಲೆ ಕೂತು, ಅವನು ಹೆಣ್ಣುಡುಗೆಯುಟ್ಟು, ಬಿಚ್ಚುಗತ್ತಿಗಳ ನಡುವೆ ಬೀದಿಬೀದಿ ಸುತ್ತಿ ಬೆಳಕು ಹರಿಯುವ ಹೊತ್ತಿಗೆ ಹಿಂತಿರುಗುವುದು! ಇದಕ್ಕಿಂತ ದಿಟ್ಟವಾದ ಹೂವಿನ ನಿರ್ಮಾಣ ಯಾವ ದೇಶದ ಯಾವ ಮ್ಯೂಸಿಯಂನಲ್ಲಿದೆ? ಅದಕ್ಕೆ ಹಗ್ಗ ಕಟ್ಟಿ ದೂರ ನಿಲ್ಲಿಸುವುದಿಲ್ಲ. ಅದೇ ನಮ್ಮ ಬಾಗಿಲಿಗೆ ಬರುತ್ತದೆ. ಬರುವ ಮೊದಲೇ ಅದರ ಗಾಳಿ ಬರುತ್ತದೆ.

ಇನ್ನು ಮೊಗ್ಗಿನ ಜಡೆ. ನನ್ನ ವಯಸ್ಸಿನವರೆಲ್ಲ ಒಮ್ಮೆಯಾದರೂ ಅದನ್ನು ಹೊತ್ತವರೇ. ಬಿರಿಯದ ಮಲ್ಲಿಗೆ ಮೊಗ್ಗುಗಳನ್ನು ಒಂದೇ ಅಳತೆಯವು ಆರಿಸಿ, ಬಾಳೆಪಟ್ಟೆಯ ಮೇಲೋ ರಟ್ಟಿನ ಮೇಲೋ ಸಾಲುಸಾಲಾಗಿ ಹೊಲಿದು, ನಡುನಡುವೆ ಕನಕಾಂಬರ, ಮರುಗ, ಪಚ್ಚೆತೆನೆ ಸೇರಿಸಿ, ಜಡೆಯ ಉದ್ದಕ್ಕೂ ಬಿಗಿದು, ತುದಿಗೆ ಕುಚ್ಚು ಕಟ್ಟಿದರೆ ಆರೇಳು ವರ್ಷದ ಹುಡುಗಿಯ ಕತ್ತು ಹಿಂದಕ್ಕೆ ಎಳೆಯುತ್ತಿತ್ತು. ಅಲುಗಿದರೆ ಬೈಗುಳ. ಆಮೇಲೆ ಸ್ಟುಡಿಯೋಕ್ಕೆ ಹೋಗಿ, ಬೆನ್ನಹಿಂದೆ ಕನ್ನಡಿ ಇಟ್ಟು, ಮುಖವೂ ಜಡೆಯೂ ಒಟ್ಟಿಗೆ ಬರುವಂತೆ ಫೋಟೋ. ಎಷ್ಟು ಮನೆಗಳ ಗೋಡೆಯ ಮೇಲೆ ಆ ಫೋಟೋ ಇಂದಿಗೂ ಇದೆ! ಆ ಕನ್ನಡಿಯ ಉಪಾಯ ಯಾರಿಗೆ ಮೊದಲು ಹೊಳೆಯಿತೋ. ಅಲ್ಲಿ ಹೂವು ಸಂಜೆಯಾಗುತ್ತ ಹುಡುಗಿಯ ಬೆನ್ನ ಮೇಲೆಯೇ ಅರಳುತ್ತಿತ್ತು. ಮಧ್ಯಾಹ್ನ ಹಸಿರುಬಿಳುಪಾಗಿದ್ದ ಜಡೆ ರಾತ್ರಿ ದೀಪ ಹಚ್ಚುವ ಹೊತ್ತಿಗೆ ಬಿಳಿಯಾಗಿ ಉಬ್ಬಿ ಪರಿಮಳ ಚೆಲ್ಲುತ್ತಿತ್ತು. ಮೊಗ್ಗನ್ನೇ ಏಕೆ ಆರಿಸುತ್ತಿದ್ದರು ಎಂದು ನಮಗೆ ಆಗ ತಿಳಿಯುತ್ತಿರಲಿಲ್ಲ. ಗಂಟೆಗಂಟೆಗೆ ಬದಲಾಗುವಂತೆ ಲೆಕ್ಕ ಹಾಕಿ ಮಾಡಿದ ಈ ಕೆಲಸವನ್ನು ಪಕ್ಕದ ಮನೆಯ ಅತ್ತೆಯೋ ಸೋದರತ್ತೆಯೋ ಬೆಳಗಿನಿಂದ ಕೂತು ಮಾಡುತ್ತಿದ್ದರು. ಅವರನ್ನು ಯಾರೂ ಕಲಾವಿದೆ ಎಂದು ಕರೆದದ್ದು ನಾನು ಕೇಳಿಲ್ಲ. “ಅವಳ ಕೈ ಬಹಳ ಚುರುಕು” ಎನ್ನುತ್ತಿದ್ದರು, ಅಷ್ಟೆ.

ಉಡುಪಿಯ ಶಂಕರಪುರದ ಕಡೆ ಮಲ್ಲಿಗೆಗೆ ಒಂದು ಲೆಕ್ಕವಿದೆ. ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಕಟ್ಟುವುದು ಬಾಳೆನಾರಿನಲ್ಲಿ. ಹೆಚ್ಚಾಗಿ ಹೆಂಗಸರೇ ಕಟ್ಟುತ್ತಾರೆ. ಒಂದು ಅಟ್ಟೆಗೆ ಮೂರು ಸಾವಿರದ ಇನ್ನೂರು ಹೂವು ಬೆರಳ ತುದಿಯಲ್ಲಿ ಹಾದುಹೋಗಬೇಕು. ಅಟ್ಟೆಯ ದರ ಎಷ್ಟಾಯಿತೆಂಬುದು ದಿನವೂ ಸುದ್ದಿ. ಕಟ್ಟಿದ ಬೆರಳಿನ ದರ ಎಷ್ಟೆಂದು ಸುದ್ದಿಯಾಗುವುದಿಲ್ಲ. ಹೂವಿನ ಗೋಡೆಗೆ ಸಾವಿರಾರು ರೂಪಾಯಿ ಎಣಿಸಿ ಕೊಟ್ಟ ನಾವೇ ಬಾಗಿಲಿಗೆ ಬಂದ ಹೂವಾಡಗಿತ್ತಿಯ ಹತ್ತಿರ “ಮೊಳ ಉದ್ದ ಹಾಕಮ್ಮ, ಕೈ ಎಳೆಯಬೇಡ” ಎಂದು ಐದು ರೂಪಾಯಿಗೆ ಜಗಳ ಆಡುತ್ತೇವೆ.

ಕಳೆದ ದಸರೆಯಲ್ಲಿ ನಮ್ಮೂರಿನ ಒಂದು ಮಹಿಳಾ ಸಮಾಜದವರು ಹೂವಿನ ಜೋಡಣೆಯ ಸ್ಪರ್ಧೆ ಇಟ್ಟು ನನ್ನನ್ನೂ ತೀರ್ಪುಗಾರಳಾಗಿ ಕರೆದಿದ್ದರು. ಮೂರು ಜನ ತೀರ್ಪುಗಾರರು. ಇಪ್ಪತ್ತೆರಡು ಮೇಜು. ಹದಿನೆಂಟರಲ್ಲಿ ಹಸಿರು ಫೋಮು, ಅದರ ಮೇಲೆ ಜರ್ಬೆರಾ, ಪಕ್ಕದಲ್ಲಿ ಜಿಪ್ಸೋಫಿಲಾದ ಬಿಳಿ ಪುಡಿ. ಎಲ್ಲ ಚೆನ್ನಾಗಿಯೇ ಇದ್ದವು, ಒಂದನ್ನು ತೆಗೆದು ಇನ್ನೊಂದರ ಜಾಗದಲ್ಲಿ ಇಟ್ಟರೂ ಗೊತ್ತಾಗದಷ್ಟು. ಕೊನೆಯ ಮೇಜಿನಲ್ಲಿ ಒಬ್ಬಾಕೆ ಹಳೆಯ ಇಡ್ಲಿ ಪಾತ್ರೆಯನ್ನು ಇಟ್ಟಿದ್ದರು. ಕೆಳಗಿನ ಕುಳಿಗಳಲ್ಲಿ ನುಗ್ಗೆಹೂವಿನ ಗೊಂಚಲು. ನಡುವಿನ ತಟ್ಟೆಯಲ್ಲಿ ನಾಲ್ಕು ಕುಂಬಳದ ಹೂವು, ಬೆಳಗಿನ ಹಳದಿ ಇನ್ನೂ ಆರಿರಲಿಲ್ಲ. ಮೇಲೆ ಈರುಳ್ಳಿ ಹೂವಿನ ಉದ್ದ ಕಾಂಡಗಳು ಮೂರು, ಬಿಳಿ ಚೆಂಡು ಹೊತ್ತು ಬೇರೆಬೇರೆ ಎತ್ತರದಲ್ಲಿ ನಿಂತಿದ್ದವು, ಇಡ್ಲಿಯ ಹಬೆ ಮೇಲೇಳುವ ಹಾಗೆ. ಆಕೆ ಸ್ಪ್ರೈ ಹೆಸರನ್ನು ಕೇಳಿದವರಲ್ಲ. ಹೂವು ಕೊಳ್ಳಲು ಕಾಸು ಹಾಕುವುದು ಬೇಡವೆಂದು ಹಿತ್ತಲಲ್ಲಿ ಇದ್ದದ್ದನ್ನು ತಂದೆ ಎಂದರು.

ಮೊದಲ ಬಹುಮಾನ ಇದಕ್ಕೇ ಎಂದು ನಾನು ಹೇಳಿದೆ. ಪಕ್ಕದಲ್ಲಿದ್ದ ತೀರ್ಪುಗಾರರು ನಿವೃತ್ತ ಅಧ್ಯಾಪಕರು, ಒಳ್ಳೆಯ ಮನುಷ್ಯರು. ಕನ್ನಡಕ ಮೇಲಕ್ಕೆತ್ತಿ, “ಮೇಡಂ, ಇದು ತರಕಾರಿ ವಿಭಾಗಕ್ಕೆ ಹೋಗಬೇಕಲ್ವೆ?” ಎಂದರು. ಹೂವು ಬಿಟ್ಟಿರುವುದು ಕಣ್ಣಿಗೆ ಕಾಣುತ್ತಿದೆಯಲ್ಲ ಸರ್ ಎಂದೆ. ಹೂವು ಅಂದರೆ ಅಲಂಕಾರದ ಹೂವು ಎಂದು ನಿಯಮದಲ್ಲಿದೆ ಎಂದರು. ನಿಯಮದ ಹಾಳೆ ತರಿಸಿದೆವು. ‘ಹೂವು’ ಎಂದಷ್ಟೇ ಇತ್ತು. ಮೂರನೆಯವರು, ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಅಷ್ಟು ಹೊತ್ತೂ ಸುಮ್ಮನಿದ್ದವರು, ಮೆಲ್ಲಗೆ, “ನಂಗೆ ಇದೊಂದೇ ನೆನಪಿರೋದು” ಎಂದರು. ಎರಡು ಮತಕ್ಕೆ ಒಂದು ಮತ. ಅಧ್ಯಾಪಕರು ಬೇಸರ ಮಾಡಿಕೊಳ್ಳದೆ ಸಹಿ ಹಾಕಿದರು. ಆದರೆ ಷರಾ ಎಂಬ ಜಾಗದಲ್ಲಿ ತಮ್ಮ ಭಿನ್ನಾಭಿಪ್ರಾಯವನ್ನು ದುಂಡಗಿನ ಅಕ್ಷರದಲ್ಲಿ ಬರೆದರು. ಅದೂ ಸರಿಯೇ. ಹೂವಿನ ಬಗ್ಗೆ ಭಿನ್ನಾಭಿಪ್ರಾಯ ಬರೆದಿಡುವಷ್ಟು ಗಂಭೀರವಾಗಿ ನಮ್ಮೂರಿನಲ್ಲಿ ಒಂದು ಸ್ಪರ್ಧೆ ನಡೆಯಿತಲ್ಲ.

ಬಹುಮಾನವಾಗಿ ಕೊಟ್ಟದ್ದು ಒಂದು ಗಾಜಿನ ಹೂದಾನಿ. ಆಕೆ ಅದನ್ನು ಚೀಲಕ್ಕೆ ಹಾಕಿಕೊಂಡು, ಮೇಜಿನ ಮೇಲಿದ್ದ ಕುಂಬಳದ ಹೂವನ್ನೂ ನುಗ್ಗೆಹೂವನ್ನೂ ಒಂದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡರು. ರಾತ್ರಿಗೆ ಬಜ್ಜಿ ಮಾಡುತ್ತೀರಾ ಎಂದು ಕೇಳಿದೆ. “ಕುಂಬಳದ್ದು ಬಜ್ಜಿ. ನುಗ್ಗೆದು ಪಲ್ಯ. ಸ್ವಲ್ಪ ಬಾಡಿದೆ, ಕಾಯಿತುರಿ ಜಾಸ್ತಿ ಹಾಕಿದ್ರೆ ಸರಿಹೋಗುತ್ತೆ” ಎಂದು ಹೇಳಿ ಇಡ್ಲಿ ಪಾತ್ರೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಆಟೋ ಹತ್ತಿದರು.